ವೈರಿಂಗ್‌ಗೂ ಒಂದು ಉತಾರ ಬೇಕು

ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಓದುಗರು ವಾಹನಗಳ ವೈರಿಂಗ್ ಬಗ್ಗೆ ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕಬ್ಬು, ಲಿಂಬೆ, ತೊಗರಿ ಸಾಗಿಸಲು ದಿನ ಬೆಳಗಾದರೆ ಗಾಡಿ ಬೇಕಾಗುವ ಸೀಮೆ ಇದು. ಒಂದು ವೈರ್ ಕೈಕೊಟ್ಟರೆ ಇಡೀ ದಿನದ ದುಡಿಮೆ ನಿಲ್ಲುತ್ತದೆ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ, ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಸರ, ಕಬ್ಬಿನ ಸೀಜನ್ ಮುಗದ ಮ್ಯಾಲ ಟ್ರ್ಯಾಕ್ಟರ್ ತಗಡಿನ ಶೆಡ್ಡಿನ್ಯಾಗ ನಿಲ್ಲಿಸಿದ್ವಿ. ಇಲಿ ಹೊಕ್ಕು ವೈರಿಂಗ್ ಪೂರಾ ಕಡದ ಹಾಕ್ಯಾವ. ಬಾಗೇವಾಡಿ ಮಿಸ್ತ್ರಿ ಹೊಸಾ ಸೆಟ್ ತರಸ್ರಿ ಅಂದ. ವಿಜಯಪುರದಿಂದ ತರಿಸಿದ ಸೆಟ್ಟಿನ ಕಪ್ಲರ್ ಮೀಟರಿಗೆ ಕೂಡವಲ್ದು. ಮ್ಯಾಲ ಒಂದು ವೈರ್ ಹೆಚ್ಚಿಗಿ ಉಳದೈತಿ. ಅದ ಕಂಪನಿ, ಅದ ಮಾಡೆಲ್. ಹಿಂಗ್ಯಾಕ? ಅಂಗಡ್ಯಾವ್ರು ವಾಪಸ್ ತಗೊಳ್ಳಾಕ ಒಲ್ಲೆ ಅಂತಾರ.
ಟ್ರ್ಯಾಕ್ಟರ್ ಮಾಲೀಕರು, ಮನಗೂಳಿ

ಉತ್ತರ: ಬಾನೆಟ್ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ವೈರಿಂಗ್ ಒಂದೇ ಇರುತ್ತದೆ ಎನ್ನುವಂತಿಲ್ಲ. ಕಂಪನಿಗಳು ಒಂದೇ ಮಾಡೆಲನ್ನು ವರ್ಷಾನುಗಟ್ಟಲೆ ಮಾರುತ್ತವೆ. ಅಷ್ಟರಲ್ಲಿ ಮುಳ್ಳಿನ ಮೀಟರ್ ಹೋಗಿ ಡಿಜಿಟಲ್ ಮೀಟರ್ ಬಂದಿರುತ್ತದೆ, ಆಲ್ಟರ್ನೇಟರ್ ಬೇರೆ ಕಂಪನಿಯದ್ದಾಗಿರುತ್ತದೆ, ಕ್ಲಚ್ ಹತ್ತಿರ ಒಂದು ಸುರಕ್ಷತಾ ಸ್ವಿಚ್ ಸೇರಿರುತ್ತದೆ. ಇಂಥ ಪ್ರತಿ ಬದಲಾವಣೆಗೂ ಸೆಟ್ಟಿನಲ್ಲಿ ಒಂದೆರಡು ವೈರು, ಒಂದು ಕಪ್ಲರು ಹೆಚ್ಚುಕಡಿಮೆ ಆಗುತ್ತದೆ. ನಿಮ್ಮದು 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್ ಆಗಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಆ ವರ್ಗಕ್ಕೆ 2023ರ ಜನವರಿ 1ರಿಂದ ಟ್ರೆಮ್ 4 ಎಂಬ ಹೊಗೆ ನಿಯಮ ಜಾರಿಗೆ ಬಂತು. ಅದಕ್ಕೆ ಹೊಂದಿಸಲು ಎಂಜಿನ್ನಿಗೆ ಇಸಿಯು ಎಂಬ ನಿಯಂತ್ರಕ ಗಣಕ, ಸೆನ್ಸರುಗಳು ಬಂದವು. 2022ರ ಟ್ರ್ಯಾಕ್ಟರಿಗೂ 2023ರ ಟ್ರ್ಯಾಕ್ಟರಿಗೂ ಹೆಸರಿನಲ್ಲಷ್ಟೇ ನಂಟು ಉಳಿದ ಉದಾಹರಣೆಗಳಿವೆ.

ಹೆಚ್ಚಿಗೆ ಉಳಿದ ವೈರು ಬಹುಶಃ ನಿಮ್ಮ ಗಾಡಿಯಲ್ಲಿ ಇಲ್ಲದ ಯಾವುದೋ ಸೆನ್ಸರಿನದ್ದು. ಅದನ್ನು ಎಲ್ಲಿಗಾದರೂ ಜೋಡಿಸುವ ಸಾಹಸ ಬೇಡ, ಬಾಡಿಗೆ ತಾಗುವಂತೆ ಬಿಡುವುದೂ ಬೇಡ. ಮೀಟರಿನ ಕಪ್ಲರ್ ಕತ್ತರಿಸಿ ಹಳೆಯದಕ್ಕೆ ಗಂಟು ಹಾಕಿ ಟೇಪ್ ಸುತ್ತಿಸಲೂ ಹೋಗಬೇಡಿ. ಆ ಗಂಟು ಮುಂದೊಂದು ದಿನ ಬಿಸಿಯಾಗುತ್ತದೆ. ಕಬ್ಬಿನ ರವದಿ ತುಂಬಿದ ಗಾಡಿಯಲ್ಲಿ ಬಿಸಿ ಗಂಟು ಎಂದರೆ ಬೆಂಕಿಗೆ ದಾರಿ.

ಹಳೆಯ ಸೆಟ್ಟನ್ನು ಎಸೆದಿಲ್ಲ ತಾನೆ? ಫ್ಯೂಸ್ ಡಬ್ಬಿಯ ಹತ್ತಿರ ಇಲ್ಲವೆ ದೊಡ್ಡ ಕಪ್ಲರಿನ ಹಿಂದೆ ವೈರುಗಳ ಸುತ್ತ ಅಂಟಿಸಿದ ಬಿಳಿ ಅಥವಾ ಹಳದಿ ಚೀಟಿ ಹುಡುಕಿ. ಗ್ರೀಸ್ ಒರೆಸಿದರೆ ಪಾರ್ಟ್ ನಂಬರು, ಅದರ ಕೊನೆಗೆ ಒಂದು ಅಕ್ಷರವೋ ಅಂಕಿಯೋ ಕಾಣುತ್ತದೆ. ಆ ಕೊನೆಯ ಅಕ್ಷರವೇ ಮುಖ್ಯ. ವೈರಿಂಗ್ ಎಷ್ಟನೇ ಸಲ ಬದಲಾದದ್ದು ಎಂಬುದನ್ನು ಅದು ಹೇಳುತ್ತದೆ, ಅಂಗಡಿಯಲ್ಲಿ ಬಹಳ ಸಲ ಅದನ್ನೇ ಬಿಟ್ಟು ಆರ್ಡರ್ ಹಾಕುತ್ತಾರೆ. ಆ ನಂಬರಿನ ಜೊತೆ ಚಾಸಿ ನಂಬರನ್ನೂ ಕೊಟ್ಟು ಡೀಲರಿಂದ ಬರಹದಲ್ಲಿ ಖಚಿತ ಮಾಡಿಸಿಕೊಳ್ಳಿ. ಹೋದ ಸಲವೂ ನೀವು ಚಾಸಿ ನಂಬರ್ ಕೊಟ್ಟಿದ್ದರೆ ತಪ್ಪು ಅವರದು. ಬಿಲ್ ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬರೀ ಮಾಡೆಲ್ ಹೆಸರು ಹೇಳಿ ತರಿಸಿದ್ದರೆ ಮಾತಾಡಿ ಬಗೆಹರಿಸಿಕೊಳ್ಳುವುದೇ ಮೇಲು.

ನನಗೆ ಬೇಸರದ ಸಂಗತಿ ಇನ್ನೊಂದಿದೆ. ನಿಮ್ಮ ಹಳೆಯ ಸೆಟ್ಟಿನಲ್ಲಿ ಎಷ್ಟು ವೈರು, ಯಾವ ಬಣ್ಣ, ಯಾವ ಕಪ್ಲರಿನ ಯಾವ ಪಿನ್ನಿಗೆ ಯಾವುದು ಎಂಬುದೆಲ್ಲ ಅದು ತಯಾರಾದ ದಿನ ಒಂದು ಕಂಪ್ಯೂಟರಿನಲ್ಲಿತ್ತು. ಆ ಮಾಹಿತಿ ಕಾರ್ಖಾನೆಯಿಂದ ವಾಹನ ಕಂಪನಿಗೆ, ಅಲ್ಲಿಂದ ಡೀಲರಿಗೆ, ಡೀಲರಿಂದ ಬಾಗೇವಾಡಿಯ ಮಿಸ್ತ್ರಿಗೆ ಬರುವಷ್ಟರಲ್ಲಿ ಸೋರಿ ಸೋರಿ ಕೊನೆಗೆ ಮಾಡೆಲ್ ಹೆಸರೊಂದೇ ಉಳಿಯಿತು. ಮುಂದಿನ ಪತ್ರ ಇದೇ ವಿಷಯವನ್ನು ಕೇಳುತ್ತದೆ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ವಿದ್ಯಾರ್ಥಿ. ವಾಹನಗಳ ವೈರಿಂಗ್ ಹಾರ್ನೆಸ್‌ಗೆ 'ಸ್ಟ್ಯಾಂಡರ್ಡ್ ಡಿಜಿಟಲ್ ಟ್ವಿನ್' ಮಾಡುತ್ತಿದ್ದಾರೆ ಎಂದು ಓದಿದೆ. ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡಿದರೆ ಅದೇ ಡಿಜಿಟಲ್ ಟ್ವಿನ್ ಅಲ್ಲವೇ? ಅದರಲ್ಲಿ ಸ್ಟ್ಯಾಂಡರ್ಡ್ ಏಕೆ ಬೇಕು?
ವಿದ್ಯಾರ್ಥಿ, ಸಿಂದಗಿ

ಉತ್ತರ: ಚಿತ್ರವಷ್ಟೇ ಇದ್ದರೆ ಅದು ಟ್ವಿನ್ ಅಲ್ಲ. ನಿಮ್ಮ ಮನೆಯ ಹೊಲದ ಉತಾರ ನೆನಪು ಮಾಡಿಕೊಳ್ಳಿ. ಉತಾರದಲ್ಲಿ ಹೊಲದ ಚಿತ್ರ ಇರುವುದಿಲ್ಲ. ಆದರೆ ಆ ಸರ್ವೆ ನಂಬರಿನ ಮೇಲೆ ಏನೇನು ನಡೆದಿದೆಯೋ ಎಲ್ಲ ಅದರಲ್ಲಿ ಏರಿರುತ್ತದೆ: ಕ್ಷೇತ್ರ ಎಷ್ಟು, 9ನೇ ಕಾಲಮ್ಮಿನಲ್ಲಿ ಮಾಲೀಕ ಯಾರು, 11ರಲ್ಲಿ ಯಾವ ಬ್ಯಾಂಕಿನ ಬೋಜಾ ಇದೆ. ಹೊಲ ಮಾರಿದರೆ ಉತಾರ ಬದಲಾಗಬೇಕು, ಸಾಲ ತೀರಿದರೆ ಬೋಜಾ ಇಳಿಯಬೇಕು. ವಸ್ತು ಬದಲಾದಂತೆ ದಾಖಲೆಯೂ ಬದಲಾಗುತ್ತ ಹೋಗುವುದು ಡಿಜಿಟಲ್ ಟ್ವಿನ್ನಿನ ಜೀವಾಳ.

ಸ್ಟ್ಯಾಂಡರ್ಡ್ ಏಕೆ ಎಂಬುದಕ್ಕೂ ಉತಾರದಲ್ಲೇ ಉತ್ತರವಿದೆ. ತಲಾಟಿಯ ಕೈಬರಹದ ಕಾಲದಲ್ಲಿ ಅಕ್ಷರ ಓದಲು ಬರುತ್ತಿರಲಿಲ್ಲ ನಿಜ, ಆದರೂ ನಮೂನೆ ಒಂದೇ ಇತ್ತು. ಆದ್ದರಿಂದಲೇ 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದಾಗ ಇಡೀ ರಾಜ್ಯದ ಉತಾರಗಳನ್ನು ಗಣಕಕ್ಕೆ ಏರಿಸಲು ಸಾಧ್ಯವಾಯಿತು. ಸಿಂದಗಿಯ ಉತಾರವನ್ನು ಚಾಮರಾಜನಗರದ ಬ್ಯಾಂಕ್ ಮ್ಯಾನೇಜರ್ ಯಾರನ್ನೂ ಕೇಳದೆ ಓದುತ್ತಾನೆ. ಒಂದೊಂದು ತಾಲ್ಲೂಕು ತನಗೆ ತೋಚಿದ ಕಾಲಮ್ಮು ಹಾಕಿಕೊಂಡಿದ್ದರೆ ಗಣಕ ಬಂದರೂ ಪ್ರಯೋಜನವಾಗುತ್ತಿರಲಿಲ್ಲ.

ವೈರಿಂಗ್ ಉದ್ಯಮ ಇವತ್ತಿಗೂ ಆ ಸ್ಥಿತಿಯಲ್ಲೇ ಇದೆ. ತಾಮ್ರದ ವೈರು ಎಳೆಯುವವರು ಒಬ್ಬರು, ಟರ್ಮಿನಲ್ ಒತ್ತುವವರು ಒಬ್ಬರು, ಪ್ಲಾಸ್ಟಿಕ್ ಕಪ್ಲರ್ ಅಚ್ಚು ಹೊಯ್ಯುವವರು ಇನ್ನೊಬ್ಬರು. ಇವನ್ನೆಲ್ಲ ಸೇರಿಸಿ ಹಾರ್ನೆಸ್, ಅಂದರೆ ವೈರಿಂಗ್ ಸೆಟ್ ಕಟ್ಟುವವರು ಮತ್ತೊಬ್ಬರು, ಕೊನೆಗೆ ವಾಹನ ಕಂಪನಿ. ಕೆಂಪು ಮೈಗೆ ಬಿಳಿ ಪಟ್ಟಿಯ ಒಂದು ವೈರು ತೆಗೆದುಕೊಳ್ಳಿ. ಜಪಾನ್ ಪದ್ಧತಿಯವರ ಪಟ್ಟಿಯಲ್ಲಿ ಅದು ಆರ್-ಡಬ್ಲ್ಯೂ. ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ ಐಇಸಿಯ ಪದ್ಧತಿಯವರಲ್ಲಿ ಆರ್‌ಡಿ-ಡಬ್ಲ್ಯೂಎಚ್. ಗಾತ್ರವನ್ನು ಒಬ್ಬರು 0.5 ಚದರ ಮಿ.ಮೀ. ಎಂದರೆ ಅಮೆರಿಕದವರು 20 ಗೇಜ್ ಎನ್ನುತ್ತಾರೆ. ನಡುವೆ ಕುಳಿತ ಒಬ್ಬ ಎಂಜಿನಿಯರ್ ಪಿಡಿಎಫ್ ನೋಡಿ ಎಕ್ಸೆಲ್ಲಿಗೆ ಕೈಯಿಂದ ಬಡಿಯುತ್ತಾನೆ. ಸಾವಿರಾರು ಸಾಲುಗಳ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೂ ತಪ್ಪು ಸೆಟ್ ತಯಾರಾಗುತ್ತದೆ.

ಇದನ್ನು ಸರಿಪಡಿಸಲು ಹಾಕಿಕೊಂಡ ಸಮಾನ ನಮೂನೆಗೆ 'ಅಸೆಟ್ ಅಡ್ಮಿನಿಸ್ಟ್ರೇಷನ್ ಶೆಲ್' ಎನ್ನುತ್ತಾರೆ, ಚಿಕ್ಕದಾಗಿ ಎಎಎಸ್. ಹುಟ್ಟಿದ್ದು ಜರ್ಮನಿಯ 'ಇಂಡಸ್ಟ್ರಿ 4.0' ಚಟುವಟಿಕೆಯಲ್ಲಿ. ಅಂತರರಾಷ್ಟ್ರೀಯ ಮಾನಕವಾಗಿ ಅದರ ಸಂಖ್ಯೆ ಐಇಸಿ 63278, ಮೊದಲ ಭಾಗ 2023ರಲ್ಲಿ ಪ್ರಕಟವಾಯಿತು. 2020ರಲ್ಲಿ ಸ್ಥಾಪನೆಯಾದ, ಫ್ರಾಂಕ್‌ಫರ್ಟ್‌ನ ಇಂಡಸ್ಟ್ರಿಯಲ್ ಡಿಜಿಟಲ್ ಟ್ವಿನ್ ಅಸೋಸಿಯೇಷನ್ ಇದನ್ನು ಬೆಳೆಸುತ್ತಿದೆ. ಎಎಎಸ್ ಒಳಗೆ 'ಸಬ್‌ಮಾಡೆಲ್' ಎಂಬ ವಿಭಾಗಗಳಿರುತ್ತವೆ. ತಯಾರಕರ ಹೆಸರು, ಸರಣಿ ಸಂಖ್ಯೆ ಇರುವ ನಾಮಫಲಕ ಒಂದು. ತಾಂತ್ರಿಕ ವಿವರ ಒಂದು. ಕೈಪಿಡಿ, ನಕ್ಷೆಗಳು ಒಂದು. ಪ್ರತಿ ಅಂಶಕ್ಕೂ ಗುರುತಿನ ಸಂಖ್ಯೆ ಇರುವುದರಿಂದ ಯಂತ್ರ ಯಂತ್ರದ ಜೊತೆ ನೇರವಾಗಿ ಮಾತಾಡಬಹುದು. ಮಾಡೆಲಿಗೊಂದು ದಾಖಲೆ, ತಯಾರಾದ ಪ್ರತಿ ಬಿಡಿ ವಸ್ತುವಿಗೆ ಬೇರೆ ದಾಖಲೆ ಎಂಬ ಭೇದವೂ ಅದರಲ್ಲಿದೆ. ಮನಗೂಳಿಯ ಟ್ರ್ಯಾಕ್ಟರ್ ಮಾಲೀಕರಿಗೆ ಬೇಕಾಗಿದ್ದದ್ದು ಈ ಎರಡನೆಯದು.

ವೈರಿಂಗ್ ವಿವರ ಬರೆಯಲು ಜರ್ಮನ್ ವಾಹನ ಉದ್ಯಮ ಇದಕ್ಕೂ ಮೊದಲೇ ಕೆಬಿಎಲ್, ಆಮೇಲೆ ವಿಇಸಿ ಎಂಬ ಕಡತ ಮಾದರಿಗಳನ್ನು ಮಾಡಿಕೊಂಡಿತ್ತು. ಅಲ್ಲಿನ ವಾಹನ ಉದ್ಯಮ ಸಂಘ ವಿಡಿಎಯ 4964 ಮತ್ತು 4968 ಎಂಬ ಶಿಫಾರಸುಗಳು ಅವೇ. ಅವುಗಳಲ್ಲಿ ವಿನ್ಯಾಸದ ವಿವರವೆಲ್ಲ ಸಿಗುತ್ತದೆ. ಆದರೆ ಯಾವ ಯಂತ್ರ ಒತ್ತಿತು, ಪರೀಕ್ಷೆಯಲ್ಲಿ ಏನು ಬಂತು ಎಂಬ ಆಮೇಲಿನ ಕಥೆಯನ್ನೂ ಕಂಪನಿಯಿಂದ ಕಂಪನಿಗೆ ದಾಟಿಸಬೇಕಲ್ಲ? ಸ್ಟಟ್‌ಗಾರ್ಟ್‌ನ ಅರೀನಾ 2036 ಸಂಶೋಧನಾ ಆವರಣದಲ್ಲಿ ವಾಹನ ಕಂಪನಿಗಳು, ಹಾರ್ನೆಸ್ ತಯಾರಕರು, ಯಂತ್ರ ಮಾಡುವವರು ಒಟ್ಟಿಗೆ ಕುಳಿತು ಹಾರ್ನೆಸ್ಸಿಗೆಂದೇ ಎಎಎಸ್ ರೂಪಿಸುವ ಯೋಜನೆ ನಡೆಸಿದರು. ಜರ್ಮನ್ ಸರ್ಕಾರ ಹಣ ಕೊಟ್ಟಿತು. ನೀವು ಓದಿದ್ದು ಅದರ ಬಗ್ಗೆಯೇ ಇರಬೇಕು.

ಕೈಯಾರೆ ನೋಡಬೇಕೆಂದರೆ 'ಎಎಎಸ್‌ಎಕ್ಸ್ ಪ್ಯಾಕೇಜ್ ಎಕ್ಸ್‌ಪ್ಲೋರರ್' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿರುವ ಒಂದು ಮೋಟಾರಿನ ನಾಮಫಲಕವನ್ನು ಅದರಲ್ಲಿ ತುಂಬಿ. ಎಷ್ಟು ವಿವರ ನಮ್ಮ ಹತ್ತಿರ ಇರುವುದೇ ಇಲ್ಲ ಎಂದು ಗೊತ್ತಾಗುತ್ತದೆ. ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಕೆಲಸದ ಬಗ್ಗೆಯೂ ಒಂದು ಮಾತು: ಬೆಂಗಳೂರಿನ ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ವಿದ್ಯುತ್ ವಿನ್ಯಾಸ ಬಲ್ಲವರಿಗೆ ಜಾಗವಿದೆ. ಸರ್ಕೀಟ್ ನಕ್ಷೆ ಓದುವುದನ್ನು ಮೊದಲು ಕಲಿಯಿರಿ, ತಂತ್ರಾಂಶ ಆಮೇಲೆ.

ಪ್ರಶ್ನೆ: ಉಕ್ರೇನ್ ಯುದ್ಧ ಶುರುವಾದಾಗ ವೈರ್ ಸಿಗದೆ ಜರ್ಮನಿಯ ಕಾರು ಕಾರ್ಖಾನೆಗಳು ನಿಂತವು ಎಂದು ಸುದ್ದಿಯಿತ್ತು. ಅಷ್ಟು ದೊಡ್ಡ ದೇಶಕ್ಕೆ ವೈರ್ ಬೇರೆ ಕಡೆ ಸಿಗುವುದಿಲ್ಲವೇ?
ನಿವೃತ್ತ ಶಿಕ್ಷಕರು, ಮುದ್ದೇಬಿಹಾಳ

ಉತ್ತರ: ವೈರು ಎಲ್ಲಿ ಬೇಕಾದರೂ ಸಿಗುತ್ತದೆ ಗುರುಗಳೇ, ಆ ಕಾರಿಗೆಂದೇ ಕಟ್ಟಿದ ಸೆಟ್ ಸಿಗುವುದಿಲ್ಲ. ದೊಡ್ಡ ಕಾರೊಂದರ ವೈರುಗಳನ್ನು ಒಂದರ ಮುಂದೊಂದು ಇಟ್ಟರೆ ಹಲವು ಕಿಲೋಮೀಟರ್ ಆಗುತ್ತದೆ. ಗಿರಾಕಿ ಆರಿಸಿದ ಸೀಟು, ದೀಪ, ಕ್ಯಾಮೆರಾಗಳಿಗೆ ತಕ್ಕಂತೆ ಒಂದೊಂದು ಕಾರಿಗೂ ಒಂದೊಂದು ಬಗೆಯ ಸೆಟ್ ಕಟ್ಟಿ, ಲೈನಿನಲ್ಲಿ ಕಾರು ಬರುವ ಕ್ರಮದಲ್ಲೇ ಕಳಿಸುತ್ತಾರೆ. ಗೋದಾಮಿನಲ್ಲಿ ಪೇರಿಸಿಡುವ ಸರಕಲ್ಲ ಅದು. ಕಟ್ಟುವ ಕೆಲಸ ಬಹುಪಾಲು ಕೈಯಿಂದಲೇ ಆಗಬೇಕಾದ್ದರಿಂದ ಕೂಲಿ ಕಡಿಮೆ ಇರುವ ದೇಶಗಳಿಗೆ ಹೋಗಿತ್ತು. ಹಾರ್ನೆಸ್ ಕಟ್ಟುವ ಲಿಯೋನಿ ಕಂಪನಿಯ ಕಾರ್ಖಾನೆಗಳು ಪಶ್ಚಿಮ ಉಕ್ರೇನಿನ ಸ್ಟ್ರೈ ಮತ್ತು ಕೊಲೊಮಿಯ ಊರುಗಳಲ್ಲಿದ್ದವು. 2022ರ ಫೆಬ್ರವರಿ 24ರಂದು ಯುದ್ಧ ಶುರುವಾಯಿತು, ಕೆಲವೇ ದಿನಗಳಲ್ಲಿ ಫೋಕ್ಸ್‌ವ್ಯಾಗನ್, ಪೋರ್ಷೆ, ಬಿಎಂಡಬ್ಲ್ಯೂ ಲೈನುಗಳು ನಿಂತವು. ಅದಕ್ಕೂ ಎರಡು ವರ್ಷ ಮೊದಲು, 2020ರ ಫೆಬ್ರವರಿಯಲ್ಲಿ, ಕೋವಿಡ್‌ನಿಂದಾಗಿ ಚೀನಾದಿಂದ ಹಾರ್ನೆಸ್ ಬಾರದೆ ಹ್ಯುಂಡೈ ತನ್ನ ಕೊರಿಯಾ ಕಾರ್ಖಾನೆಗಳನ್ನು ನಿಲ್ಲಿಸಿತ್ತು.

ಡಿಜಿಟಲ್ ಟ್ವಿನ್ ಇದ್ದಿದ್ದರೆ ಯುದ್ಧದ ನಡುವೆ ವೈರಿಂಗ್ ಬಂದುಬಿಡುತ್ತಿತ್ತು ಎಂದು ನಾನು ಹೇಳಲಾರೆ. ಬೇರೆ ದೇಶದಲ್ಲಿ ಕಟ್ಟಡ, ವೈರು ಜೋಡಿಸುವ ಬೋರ್ಡು, ಕೈ ಕುದುರಿದ ಕೆಲಸಗಾರರು ಬೇಕೇ ಬೇಕು. ಆದರೆ ಕೆಲಸ ಸ್ಥಳಾಂತರಿಸುವಾಗ ಹೊಸ ಕಾರ್ಖಾನೆಯ ಯಂತ್ರಗಳಿಗೆ ಎಲ್ಲ ವಿವರವನ್ನೂ ಮತ್ತೆ ಕೂಡಿಸುವ ತಾಪತ್ರಯವೂ ಇರುತ್ತದೆ. ಸಮಾನ ನಮೂನೆಯ ದಾಖಲೆ ಮೊದಲೇ ಇದ್ದರೆ ಆ ಭಾಗ ಹಗುರಾಗುತ್ತದೆ. ಅಷ್ಟು ಸಾಧಿಸಿದರೂ ದೊಡ್ಡದೇ.

ಪ್ರಶ್ನೆ: ನಮ್ಮೂರು ತಾಳಿಕೋಟಿ. ಬೆಂಗಳೂರಿನ ವೈರಿಂಗ್ ಫ್ಯಾಕ್ಟರಿಯಲ್ಲಿ ಬೋರ್ಡಿನ ಮೇಲೆ ವೈರ್ ಹಾಕುವ ಕೆಲಸ ಮಾಡುತ್ತೇನೆ. ಈಗ ಪ್ರತಿ ಸೆಟ್ಟಿಗೂ ಸ್ಕ್ಯಾನ್ ಮಾಡಿ, ಪರದೆ ನೋಡಿ ಹಾಕಬೇಕು. ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ರೋಬೋಟ್ ತರುತ್ತಾರೆ, ನಮ್ಮನ್ನು ಮನೆಗೆ ಕಳಿಸುತ್ತಾರೆ ಎಂದು ಲೈನಿನಲ್ಲಿ ಮಾತು. ನಿಜವೇ?
ಕಾರ್ಮಿಕ ಮಹಿಳೆ, ಬೆಂಗಳೂರು

ಉತ್ತರ: ತಂಗಿ, ವೈರ್ ಕತ್ತರಿಸುವುದು, ಸುಲಿಯುವುದು, ಟರ್ಮಿನಲ್ ಒತ್ತುವುದು ಯಂತ್ರಕ್ಕೆ ಹೋಗಿ ಬಹಳ ಕಾಲವಾಯಿತು. ನಿಮ್ಮ ಕೆಲಸ ಉಳಿದಿರುವುದಕ್ಕೆ ಕಾರಣ ವೈರಿನ ಮೆತ್ತನೆಯ ಗುಣ. ಹಿಡಿದರೆ ಬಾಗುತ್ತದೆ, ಬಿಟ್ಟರೆ ಸುರುಳಿಯಾಗುತ್ತದೆ, ನಿನ್ನೆ ಇದ್ದಂತೆ ಇವತ್ತು ಇರುವುದಿಲ್ಲ. ನಿಮ್ಮ ಬೆರಳು ಅದನ್ನು ನೋಡದೆಯೇ ಗೂಟದ ಸುತ್ತ ತಿರುಗಿಸಿ ಕಪ್ಲರಿಗೆ ಕೂಡಿಸಿ 'ಟಕ್' ಸದ್ದು ಕೇಳಿಸಿಕೊಳ್ಳುತ್ತದೆ. ರೋಬೋಟಿಗೆ ಇದು ಇನ್ನೂ ಕಷ್ಟ. ಹಾಗೆಂದು ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕಾರಿನ ವಿನ್ಯಾಸವೇ ಬದಲಾಗುತ್ತಿದೆ. ಒಂದೇ ದೊಡ್ಡ ಸೆಟ್ಟಿನ ಬದಲು ಭಾಗಕ್ಕೊಂದು ಚಿಕ್ಕ ಸೆಟ್ ಮಾಡುವ ಪದ್ಧತಿ ಬರುತ್ತಿದೆ, ಚಿಕ್ಕ ಸೆಟ್ಟನ್ನು ಯಂತ್ರದಿಂದ ಕಟ್ಟುವುದು ಸುಲಭ. ಆದ್ದರಿಂದ ಬೋರ್ಡಿನ ಕೆಲಸದ ಜೊತೆಗೆ ಪರೀಕ್ಷೆಯ ಕೆಲಸವನ್ನೂ, ಕ್ರಿಂಪ್ ತಪಾಸಣೆಯನ್ನೂ ಕಲಿತಿಟ್ಟುಕೊಳ್ಳಿ.

ಕ್ರಿಂಪ್ ತಪಾಸಣೆ ಎಂದರೆ ಏನು ನೋಡಬೇಕು ಎಂದು ಇಲ್ಲೇ ಹೇಳಿಬಿಡುತ್ತೇನೆ. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ಜೊತೆ ತಾಮ್ರದ ಎಳೆಗಳನ್ನು ಅಪ್ಪಬೇಕು, ಹಿಂದಿನ ಜೊತೆ ಹೊದಿಕೆಯನ್ನು ಹಿಡಿಯಬೇಕು. ನಡುವಿನ ಕಿಟಕಿಯಲ್ಲಿ ತಾಮ್ರವೂ ಹೊದಿಕೆಯೂ ಎರಡೂ ಕಾಣಬೇಕು. ಮುಂದೆ ಎಳೆಗಳ ತುದಿ ಒಂದಿಷ್ಟು ಹೊರಗೆ ಇಣುಕಬೇಕು. ಹೊದಿಕೆ ಮುಂದಿನ ರೆಕ್ಕೆಯೊಳಗೆ ನುಗ್ಗಿದ್ದರೆ ಕೈಗೆ ಗಟ್ಟಿ ಎನಿಸುತ್ತದೆ, ಕರೆಂಟು ಸರಿಯಾಗಿ ಹರಿಯುವುದಿಲ್ಲ. ಒತ್ತಿದ ಎತ್ತರವನ್ನು ಮೈಕ್ರೋಮೀಟರಿನಿಂದ ಮಿಲಿಮೀಟರಿನ ನೂರನೇ ಭಾಗದಲ್ಲಿ ಅಳೆಯುತ್ತಾರೆ. ಹಾರ್ನೆಸ್ಸಿನ ಡಿಜಿಟಲ್ ದಾಖಲೆಯಲ್ಲಿ ಬೆಲೆಯುಳ್ಳ ಅಂಕಿಗಳು ಇಂಥವು. ಅದನ್ನು ಅರ್ಥ ಮಾಡಿಕೊಂಡು ಅಳೆಯುವವರಿಗೆ ಬೆಲೆ ಇದ್ದೇ ಇರುತ್ತದೆ.

ನೀವು ಸ್ಕ್ಯಾನ್ ಮಾಡುವ ಮಾಹಿತಿಯ ಬಗ್ಗೆ ಒಂದು ಎಚ್ಚರಿಕೆ. ವಸ್ತುವಿನ ದಾಖಲೆ ಬೇರೆ, ಮನುಷ್ಯರ ದಾಖಲೆ ಬೇರೆ. ಯಾವ ಸೆಟ್ ಯಾವ ಬೋರ್ಡಿನಲ್ಲಿ ತಯಾರಾಯಿತು ಎಂಬುದು ಗುಣಮಟ್ಟಕ್ಕೆ ಬೇಕು. ಯಾರು ಎಷ್ಟು ಸೆಕೆಂಡು ನಿಧಾನವಾದರು ಎಂದು ಅದೇ ಯಂತ್ರದಿಂದ ಎಣಿಸಿ ಸಂಬಳಕ್ಕೆ ಕೈ ಹಾಕಿದರೆ ಅದು ಅನ್ಯಾಯ. ಯಾವ ಮಾಹಿತಿ ಏತಕ್ಕೆ ಬಳಕೆಯಾಗುತ್ತದೆ ಎಂದು ನಿಮ್ಮ ಲೈನಿನವರೆಲ್ಲ ಸೇರಿ ಆಡಳಿತವನ್ನು ಬರಹದಲ್ಲಿ ಕೇಳಿ.

ಪ್ರಶ್ನೆ: ವೈರಿಂಗಿನ ದಾಖಲೆಗೆ ಕ್ಯೂಆರ್ ಕೋಡ್ ಅಂಟಿಸಿದರೆ ಸಾಲದೇ?
ಓದುಗರು, ದೇವರ ಹಿಪ್ಪರಗಿ

ಉತ್ತರ: ಕೋಡ್ ಬಾಗಿಲು ಮಾತ್ರ. ಒಳಗೆ ದಾಖಲೆ ಇರಬೇಕು, ಅದು ಎಲ್ಲರಿಗೂ ಓದಲು ಬರುವ ನಮೂನೆಯಲ್ಲಿರಬೇಕು. ವಸ್ತುವಿನ ಮೇಲೆ ಹಾಕುವ ಇಂಥ ಕೋಡಿಗೂ ಐಇಸಿ 61406 ಎಂಬ ಮಾನಕ ಇದೆ.

ಪ್ರಶ್ನೆ: ಐಟಿಐ ಮುಗಿಸಿ ಪುಣೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದೇನೆ. ಬಾಗೇವಾಡಿಯಲ್ಲಿ ಸಣ್ಣದೊಂದು ವೈರಿಂಗ್ ಹಾರ್ನೆಸ್ ಘಟಕ ಹಾಕುವ ಆಸೆ. ಡಿಜಿಟಲ್ ಟ್ವಿನ್ ಇಲ್ಲದಿದ್ದರೆ ಮುಂದೆ ಆರ್ಡರ್ ಸಿಗುವುದಿಲ್ಲ ಎಂದು ಒಬ್ಬರು ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಹೇಳುತ್ತಿದ್ದಾರೆ. ಏನು ಮಾಡಲಿ?
ಯುವಕ, ಬಸವನ ಬಾಗೇವಾಡಿ

ಉತ್ತರ: ಸಾಫ್ಟ್‌ವೇರ್ ಕೊಳ್ಳಬೇಡಿ. ಮೊದಲ ದುಡ್ಡು ಒಳ್ಳೆಯ ಕ್ರಿಂಪಿಂಗ್ ಯಂತ್ರ, ಅದಕ್ಕೆ ಸರಿಯಾದ ಡೈ, ಕ್ರಿಂಪ್ ಮೈಕ್ರೋಮೀಟರ್, ಎಳೆದು ನೋಡುವ ಪುಲ್ ಟೆಸ್ಟರ್, ಕಂಟಿನ್ಯುಟಿ ಪರೀಕ್ಷಿಸುವ ಬೋರ್ಡ್ ಇವಕ್ಕೆ ಹೋಗಲಿ.

ಕಾರು ಕಂಪನಿಗಳ ಬಾಗಿಲು ಬಡಿಯುವ ಕಾಲ ಇನ್ನೂ ದೂರ. ಅವರು ವಾಹನ ಉದ್ಯಮದ ಗುಣಮಟ್ಟದ ಐಎಟಿಎಫ್ 16949 ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಪೈಪೋಟಿಗೆ ಮದರ್‌ಸನ್‌ನಂಥವರಿದ್ದಾರೆ, ಜಪಾನಿನ ಸುಮಿಟೊಮೊ ಜೊತೆ 1986ರಿಂದ ಇದೇ ಕೆಲಸದಲ್ಲಿ ಬೇರು ಬಿಟ್ಟವರು. ನಿಮ್ಮ ಕಣ್ಣೆದುರಿಗೇ ಬೇರೆ ಮಾರುಕಟ್ಟೆ ಇದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಹಿಂದೀಪವಿಲ್ಲದೆ ಓಡಾಡುವ ಟ್ರೇಲರುಗಳನ್ನು ನೀವೂ ನೋಡಿರುತ್ತೀರಿ. ಅವುಗಳಿಗೆ ಗುದ್ದಿ ಬೈಕಿನವರು ಸಾಯುತ್ತಾರೆ. ದೀಪ ಇದ್ದ ಟ್ರೇಲರಿನಲ್ಲೂ ವೈರಿಂಗ್ ಎಂದರೆ ಕೈಗೆ ಸಿಕ್ಕ ವೈರನ್ನು ತಿರುಚಿ ಕಟ್ಟಿದ್ದು. ಟ್ರೇಲರಿನ ಏಳು ಪಿನ್ ಸಾಕೆಟ್ಟಿಗೆ ಐಎಸ್‌ಒ 1724 ಎಂಬ ಮಾನಕ ಎಂದಿನಿಂದಲೋ ಇದೆ. 1ನೇ ಪಿನ್ ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 6 ಬ್ರೇಕ್ ದೀಪ, 5 ಮತ್ತು 7 ಹಿಂದೀಪಗಳು. ಎಲ್ಲರೂ ಇದೇ ಕ್ರಮ ಹಿಡಿದರೆ ಯಾವ ಟ್ರ್ಯಾಕ್ಟರಿಗೆ ಯಾವ ಟ್ರೇಲರ್ ಸಿಕ್ಕಿಸಿದರೂ ದೀಪ ಸರಿಯಾಗಿ ಉರಿಯುತ್ತದೆ. ನಮ್ಮಲ್ಲಿ ಒಬ್ಬೊಬ್ಬ ಮಿಸ್ತ್ರಿ ಒಂದೊಂದು ಕ್ರಮ ಹಾಕುತ್ತಾನೆ, ಟ್ರೇಲರ್ ಬದಲಾದ ದಿನ ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತುತ್ತದೆ, ಬೇಸತ್ತ ಚಾಲಕ ಪ್ಲಗ್ಗನ್ನೇ ಕಿತ್ತಿಡುತ್ತಾನೆ. ಮಾನಕ ಪಾಲಿಸಿದ, ಮಳೆ ಧೂಳಿಗೆ ಜಗ್ಗದ ಟ್ರೇಲರ್ ವೈರಿಂಗ್ ಸೆಟ್ ಮಾಡಿ ಸಕ್ಕರೆ ಕಾರ್ಖಾನೆಗಳ ಬಳಿಗೆ ಹೋಗಿ. ಸೋಲಾರ್ ಪಂಪು, ಬ್ಯಾಟರಿ ಸ್ಪ್ರೇಯರ್, ಎಲೆಕ್ಟ್ರಿಕ್ ಆಟೊಗಳ ವೈರಿಂಗ್ ಕೂಡ ನಿಮ್ಮ ಅಳತೆಯ ಕೆಲಸವೇ.

ಇನ್ನು ದಾಖಲೆಯ ಮಾತು. ಮೊದಲ ಸೆಟ್ಟಿನಿಂದಲೇ ಬರೆದಿಡಿ: ವೈರಿನ ಸುರುಳಿಯ ಲಾಟ್ ನಂಬರು, ಟರ್ಮಿನಲ್ ರೀಲಿನ ಲಾಟ್ ನಂಬರು, ಕ್ರಿಂಪ್ ಎತ್ತರ, ಎಳೆತದ ಅಂಕಿ, ಪರೀಕ್ಷೆಯ ಫಲಿತಾಂಶ, ದಿನಾಂಕ. ಟರ್ಮಿನಲ್ಲಿಗೆ ನಿಮ್ಮದೇ ಅಡ್ಡಹೆಸರು ಕೊಡದೆ ತಯಾರಕರ ಪಾರ್ಟ್ ನಂಬರನ್ನೇ ಬಳಸಿ. ಪ್ರತಿ ಸೆಟ್ಟಿಗೂ ಸರಣಿ ಸಂಖ್ಯೆಯ ಚೀಟಿ ಅಂಟಿಸಿ. ಸದ್ಯಕ್ಕೆ ಎಕ್ಸೆಲ್ ಸಾಕು. ಇಷ್ಟು ಶಿಸ್ತು ಇದ್ದವರು ನಾಳೆ ಎಎಎಸ್ ನಮೂನೆಗೆ ದಾಟುವುದು ಕಷ್ಟವಲ್ಲ, ಶಿಸ್ತು ಇಲ್ಲದವರಿಗೆ ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರೂ ಖಾಲಿ ಡಬ್ಬಿ. ಇಂಥ ದಾಖಲೆ ಕಡ್ಡಾಯವಾಗುವ ದಿನ ದೂರವಿಲ್ಲ ಎಂಬ ಮಾತಂತೂ ನಿಜ. ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ವಾಹನದ ಪ್ರತಿ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕೆಂದು ಕಾನೂನು ಮಾಡಿದ್ದಾರೆ. ರಫ್ತು ಮಾಡುವ ದೊಡ್ಡ ಕಂಪನಿ ತನಗೆ ಬೇಕಾದ ಮಾಹಿತಿಯನ್ನು ತನಗೆ ಮಾಲು ಕೊಡುವ ಸಣ್ಣವರಿಂದಲೇ ಕೇಳುತ್ತದೆ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಸಣ್ಣ ಉದ್ಯಮಗಳ ಗುಣಮಟ್ಟಕ್ಕೆಂದು ಕೇಂದ್ರ ಸರ್ಕಾರ ಕೊಡುವ ಜೆಡ್ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ.

ಪ್ರಶ್ನೆ: ಇಂಡಿಯಲ್ಲಿ ಆಟೊ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಲಿಂಬೆಹಣ್ಣಿನ ಗಾಡಿಗಳೇ ಹೆಚ್ಚು ಬರುತ್ತವೆ. ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ಯಾವ ದೋಷವನ್ನಾದರೂ ಹುಡುಕುತ್ತಿದ್ದೆ. ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ನಕ್ಷೆ ಇಲ್ಲದೆ ಕೈ ಹಾಕಲು ಹೆದರಿಕೆ. ಶೋರೂಮಿನವರು ನಕ್ಷೆ ಕೊಡುವುದಿಲ್ಲ. ಕಂಪನಿಗಳು ಮಾಡುತ್ತಿರುವ ಈ ಡಿಜಿಟಲ್ ದಾಖಲೆ ನಮ್ಮಂಥವರಿಗೆ ಸಿಗುತ್ತದೆಯೇ, ಇಲ್ಲ ನಮ್ಮ ಅಂಗಡಿ ಮುಚ್ಚಿಸುತ್ತದೆಯೇ?
ಎಲೆಕ್ಟ್ರಿಷಿಯನ್, ಇಂಡಿ

ಉತ್ತರ: ಇಷ್ಟೂ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ತಂತ್ರಜ್ಞಾನದ ದೃಷ್ಟಿಯಿಂದ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಎಎಎಸ್ ನಮೂನೆಯಲ್ಲಿ ಯಾರಿಗೆ ಯಾವ ವಿಭಾಗ ತೋರಿಸಬೇಕು ಎಂದು ಬೇರೆ ಬೇರೆ ಅನುಮತಿ ಇಡಬಹುದು. ವೈರಿನ ಖರೀದಿ ದರ, ತಯಾರಿಕೆಯ ಗುಟ್ಟು ಮುಚ್ಚಿಟ್ಟು, ಪಿನ್ನಿನ ನಕ್ಷೆ, ವೈರಿನ ಬಣ್ಣ ಮತ್ತು ಗಾತ್ರ, ಫ್ಯೂಸಿನ ಆಂಪಿಯರ್, ಕಪ್ಲರಿನ ಪಾರ್ಟ್ ನಂಬರನ್ನು ರಿಪೇರಿಯವರಿಗೆ ತೆರೆದಿಡಬಹುದು. ಬಾಗಿಲು ಮುಚ್ಚಿಯೇ ಇದ್ದರೆ ಅದು ಕಂಪನಿಗಳ ಮನಸ್ಸಿನ ಮಾತು, ಯಂತ್ರದ ಮಿತಿಯಲ್ಲ.

ಯುರೋಪಿನ ವಾಹನ ಕಾನೂನು ಸ್ವತಂತ್ರ ರಿಪೇರಿ ಅಂಗಡಿಗಳಿಗೂ ದುರಸ್ತಿಯ ಮಾಹಿತಿ ಕೊಡಲೇಬೇಕು ಎನ್ನುತ್ತದೆ. ನ್ಯಾಯವಾದ ಶುಲ್ಕ ಪಡೆಯಬಹುದು, ಕೊಡುವುದಿಲ್ಲ ಎನ್ನುವಂತಿಲ್ಲ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಲಯಗಳು ಅದರಲ್ಲಿವೆ. ಕಂಪನಿಗಳು ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಅಲ್ಲಿ ಹಂಚಿಕೊಳ್ಳಬೇಕೆಂಬುದು ಉದ್ದೇಶ. ಅಲ್ಲಿ ಮೊದಲು ಹುಡುಕಿ. ಆದರೆ ಒಂದು ಲಿಂಬೆ ಗಾಡಿಯ ಚಾಸಿ ನಂಬರ್ ಹಾಕಿದರೆ ಅದರದೇ ವೈರಿಂಗ್ ನಕ್ಷೆ ಬರುವ ವ್ಯವಸ್ಥೆ ನಮಗೆ ಬೇಕು, ಸಾಮಾನ್ಯ ಕೈಪಿಡಿಯಿಂದ ನಿಮ್ಮ ಕೆಲಸ ಪೂರ್ತಿ ಆಗುವುದಿಲ್ಲ.

ಅಂಗಡಿ ಮುಚ್ಚಿಸುತ್ತದೆಯೇ ಎಂದು ಕೇಳಿದ್ದೀರಿ. ದಾಖಲೆ ಶೋರೂಮಿನ ಗೋಡೆಯೊಳಗೇ ಉಳಿದರೆ ನಿಮ್ಮ ಕೆಲಸ ಕಡಿಮೆಯಾಗುತ್ತದೆ, ಆ ಮಾತನ್ನು ಮುಚ್ಚಿಡುವುದಿಲ್ಲ. ನಷ್ಟ ನಿಮ್ಮೊಬ್ಬರದ್ದೇ ಅಲ್ಲ. ಚಡಚಣದ ದಾರಿಯಲ್ಲಿ ರಾತ್ರಿ ನಿಂತ ಲಿಂಬೆ ಗಾಡಿಗೆ ವಿಜಯಪುರದ ಶೋರೂಮ್ ಬೆಳಿಗ್ಗೆ ತೆರೆಯುವವರೆಗೆ ಕಾಯಲು ಆಗುವುದಿಲ್ಲ, ಹಣ್ಣು ಕೆಡುತ್ತದೆ, ಆ ನಷ್ಟ ರೈತನ ತಲೆಗೆ ಬರುತ್ತದೆ.

ಅದಕ್ಕೇ ನಿಮ್ಮನ್ನೂ ಓದುಗರೆಲ್ಲರನ್ನೂ ಕೇಳಿಕೊಳ್ಳುವುದಿಷ್ಟು. ಟೆಸ್ಟ್ ಲ್ಯಾಂಪ್ ಪಕ್ಕಕ್ಕಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಇಸಿಯುಗೆ ಹೋಗುವ ವೈರಿಗೆ ಬಲ್ಬಿನ ಲ್ಯಾಂಪ್ ಹಾಕಿದರೆ ಅದು ಎಳೆಯುವ ಕರೆಂಟಿಗೆ ಒಳಗಿನ ಭಾಗ ಸುಟ್ಟುಹೋಗಬಹುದು. ರಿಪೇರಿಗೆ ಬಂದ ಪ್ರತಿ ಗಾಡಿಯ ಚೀಟಿ, ಕಪ್ಲರುಗಳ ಫೋಟೊ, ಚಾಸಿ ನಂಬರಿನ ಜೊತೆ ಇಟ್ಟುಕೊಳ್ಳಿ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಎಲೆಕ್ಟ್ರಿಷಿಯನ್ನರು ಒಂದು ಗುಂಪು ಮಾಡಿಕೊಂಡು ಅದನ್ನು ಹಂಚಿಕೊಳ್ಳಿ. ಗಾಡಿ ಕೊಳ್ಳುವವರು ಡೀಲರಿಗೆ ಪೂರ್ತಿ ದುಡ್ಡು ಕಟ್ಟುವ ಮೊದಲು ವೈರಿಂಗ್ ನಕ್ಷೆ ಕೊಡಿ ಎಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಅವರ ಉತ್ತರವನ್ನು ಜೋಪಾನ ಮಾಡಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸಿ, ಒಂದು ಪ್ರತಿ ಈ ಅಂಕಣಕ್ಕೂ ಬರಲಿ.